ಬೆಲೆ ಬಿದ್ದ ನೋಟುಗಳ ಚೆಲುವು

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ದಿನವೂ ಸಿಕ್ಕಿಕೊಳ್ಳುವವರಲ್ಲಿ ಎಷ್ಟು ಮಂದಿಗೆ ಗೊತ್ತೋ ಕಾಣೆ, ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ್ ಸಂಸ್ಥೆಯ ಪ್ರಧಾನ ಕಚೇರಿ ಇರುವುದು ಅಲ್ಲೇ, ಬಿಟಿಎಂ ಲೇಔಟಿನ ಒಂದನೇ ಹಂತದಲ್ಲಿ. 1995ರಲ್ಲಿ ಹುಟ್ಟಿದ ಈ ಸಂಸ್ಥೆಯ ಅಚ್ಚುಕೂಟಗಳು ಮೈಸೂರಿನಲ್ಲೂ ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲೂ ಇವೆ. ನೋಟಿನ ಕಾಗದದ ಕಾರ್ಖಾನೆಯೂ ಮೈಸೂರಿನದೇ, 2022ರಿಂದ ಶಾಯಿ ತಯಾರಿಸುವ ‘ವರ್ಣಿಕಾ’ ಘಟಕವೂ ಅಲ್ಲಿದೆ. ನೋಟಿನ ಲೋಕಕ್ಕೆ ಇಷ್ಟು ಹತ್ತಿರವಿದ್ದರೂ ಜಯನಗರ, ಜೆ.ಪಿ. ನಗರ, ಬನಶಂಕರಿಯ ಸಂಗ್ರಾಹಕರ ಆಲ್ಬಮ್ ಬಿಚ್ಚಿದರೆ ಮೊದಲು ಕಣ್ಣಿಗೆ ಬೀಳುವುದು ಬೆಲಾರಸ್‌ನ ಮೊಲ, ಭೂತಾನಿನ ಡ್ರ್ಯಾಗನ್, ಮಂಗೋಲಿಯದ ಕುದುರೆಗಳು. ನಮ್ಮ ಹಳೆಯ ನೋಟುಗಳಿಗೆ ಸಾವಿರಗಟ್ಟಲೆ ಸುರಿಯಬೇಕು. ಈ ವಿದೇಶಿ ನೋಟುಗಳು ಚಾಟ್ಸ್ ತಿನ್ನುವ ಖರ್ಚಿನಲ್ಲೇ ಸಿಗುತ್ತವೆ. ಇಷ್ಟು ಚೆಂದದ ಕಾಗದ ಇಷ್ಟು ಅಗ್ಗವಾದದ್ದು ಹೇಗೆ ಎಂದು ಕೇಳುತ್ತ ಹೋದರೆ ಈ ಹವ್ಯಾಸದ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

1970, 80ರ ದಶಕಗಳಲ್ಲಿ ಸಂಗ್ರಹವೆಂದರೆ ಅಂಚೆಚೀಟಿ. ಕರ್ನಾಟಕ ಫಿಲಾಟೆಲಿಕ್ ಸೊಸೈಟಿ ಹುಟ್ಟಿದ್ದು 1975ರಲ್ಲಿ. ಹೊರದೇಶದಿಂದ ಕಾಗದ ಬಂದರೆ ಚೀಟಿ ಲಕೋಟೆಯ ಮೇಲೆ ಅಂಟಿಕೊಂಡೇ ಪುಕ್ಕಟೆಯಾಗಿ ಮನೆ ಸೇರುತ್ತಿತ್ತು. ನೋಟಿಗೆ ಆ ಭಾಗ್ಯವಿರಲಿಲ್ಲ. ಮೇಲಾಗಿ ವಿದೇಶಿ ವಿನಿಮಯವನ್ನು ಬಿಗಿಹಿಡಿದ 1973ರ ಫೆರಾ ಕಾಯ್ದೆಯ ದಿನಗಳಲ್ಲಿ ಮಧ್ಯಮವರ್ಗದ ಮನೆಯಲ್ಲಿ ಡಾಲರ್ ಕಂಡರೆ ಆಸೆಗಿಂತ ಅಂಜಿಕೆಯೇ ಮುಂದು. ನಾಣ್ಯಪ್ರಿಯರೂ ನೋಟನ್ನು ಮಲಮಗನಂತೆ ಕಂಡರು. ವಿಜಯನಗರದ ವರಾಹ, ಮೈಸೂರಿನ ಕಂಠೀರವ ಹಣ ಕೈಗೆ ಎಟುಕುವ ಊರಿನಲ್ಲಿ ಕಾಗದದ ಚೂರಿಗೆ ಯಾರು ಮಣೆ ಹಾಕುತ್ತಾರೆ? ಗಲ್ಫಿನಿಂದ ಬಂದ ನೆಂಟರು ಕೊಟ್ಟ ದಿರಹಮ್ಮೋ ರಂಗೂನಿನಿಂದ ಬಂದವರ ಟ್ರಂಕಿನಲ್ಲಿ ಉಳಿದ ಜಪಾನಿ ಆಕ್ರಮಣ ಕಾಲದ ರೂಪಾಯಿಯೋ ಪುಸ್ತಕದ ನಡುವೆ ಮಲಗಿರುತ್ತಿತ್ತು, ಅಷ್ಟೆ.

ಹೊರಗೆ ಆ ಹೊತ್ತಿಗೆ ಈ ಹವ್ಯಾಸ ಬಲಿತಿತ್ತು. ಅಂತರರಾಷ್ಟ್ರೀಯ ಬ್ಯಾಂಕ್ ನೋಟ್ ಸೊಸೈಟಿ 1961ರಲ್ಲಿ ಶುರುವಾಯಿತು. 1970ರ ದಶಕದಲ್ಲಿ ಜರ್ಮನಿಯ ಆಲ್ಬರ್ಟ್ ಪಿಕ್ ಜಗತ್ತಿನ ನೋಟುಗಳಿಗೆಲ್ಲ ನಂಬರು ಕೊಟ್ಟು ಕ್ಯಾಟಲಾಗ್ ತಂದರು. ಇವತ್ತಿಗೂ ಬೆಂಗಳೂರಿನ ಡೀಲರ್ ‘ಪಿಕ್ ನಂಬರ್ ಎಷ್ಟು?’ ಎಂದೇ ಕೇಳುವುದು. ನಂಬರು ಬಂದಮೇಲೆ ಇರುವುದೇನು, ಇಲ್ಲದ್ದೇನು ಎಂಬ ಲೆಕ್ಕ ಸಿಕ್ಕಿತು. ಆ ಲೆಕ್ಕವಿಲ್ಲದಿದ್ದರೆ ಇದು ಬರೀ ಕೂಡಿಡುವ ಚಟವಾಗಿ ಉಳಿಯುತ್ತಿತ್ತು.

ನಿಜವಾದ ತಿರುವು 1991. ನಮ್ಮಲ್ಲಿ ಉದಾರೀಕರಣ ಶುರುವಾದ ವರ್ಷವೇ ಸೋವಿಯತ್ ಒಕ್ಕೂಟ ಒಡೆದು ಹದಿನೈದು ದೇಶಗಳಾಯಿತು, ಯುಗೊಸ್ಲಾವಿಯವೂ ಹೋಳಾಗತೊಡಗಿತು. ಪ್ರತಿಯೊಂದಕ್ಕೂ ತನ್ನದೇ ನೋಟು ಬೇಕಾಯಿತು. ಬೆಲಾರಸ್ 1992ರ ಸರಣಿಯಲ್ಲಿ ನಾಯಕರ ಮುಖಗಳನ್ನು ಬಿಟ್ಟು ಅಳಿಲು, ಮೊಲ, ಬೀವರ್, ತೋಳ, ಕರಡಿಗಳನ್ನು ಅಚ್ಚು ಹಾಕಿತು. ಒಂದು ರೂಬಲ್ಲಿನ ಮೇಲಿನ ಮೊಲ ಎಷ್ಟು ಜನಪ್ರಿಯವಾಯಿತೆಂದರೆ ಅಲ್ಲಿನವರು ತಮ್ಮ ದುಡ್ಡನ್ನೇ ‘ಮೊಲ’ ಎಂದು ಕರೆಯತೊಡಗಿದರು. ಕಜಕಿಸ್ತಾನ ತನ್ನ ತೆಂಗೆ ನೋಟುಗಳನ್ನು ಇಂಗ್ಲೆಂಡಿನಲ್ಲಿ ಗುಟ್ಟಾಗಿ ಅಚ್ಚು ಹಾಕಿಸಿ ತರಿಸಿಕೊಂಡು, 1993ರ ನವೆಂಬರ್‌ನಲ್ಲಿ ಚಲಾವಣೆಗೆ ಬಿಟ್ಟಿತು. ಪೈಸೆಯಂಥ ತಿಯಿನ್‌ಗೂ ಪುಟ್ಟ ಪುಟ್ಟ ನೋಟು ಮಾಡಿದರು. ಹೊಸ ದೇಶ ತನ್ನ ಅಭಿಮಾನವನ್ನೆಲ್ಲ ಕಾಗದದ ಮೇಲೆ ಸುರಿಯುತ್ತದೆ; ಬೆನ್ನಿಗೇ ಬರುವ ಹಣದುಬ್ಬರ ಆ ಕಾಗದವನ್ನು ನಿಷ್ಪ್ರಯೋಜಕ ಮಾಡುತ್ತದೆ. ಬಿಚ್ಚದ ಕಂತೆಗಳು ಹಾಗೇ ಉಳಿದು, ಡೀಲರುಗಳ ಕೈ ಸೇರಿ, ಸಂಗ್ರಾಹಕರಿಗೆ ಬಿಡಿಬಿಡಿಯಾಗಿ ಬರುತ್ತವೆ. ಅಗ್ಗದ ಗುಟ್ಟು ಇಷ್ಟೇ. ನೋಟಿನ ಸಂತೆ ಬೆಲೆಗೂ ಅದರ ಚೆಲುವಿಗೂ ಸಂಬಂಧವಿಲ್ಲ. ದೇಶದ ದುಡ್ಡು ಸತ್ತಾಗ ಎಷ್ಟು ಕಂತೆ ಮಿಕ್ಕಿತ್ತು ಎಂಬುದೇ ಬೆಲೆ ಕಟ್ಟುತ್ತದೆ.

ಈ ಸೂತ್ರಕ್ಕೆ ಸಾಕ್ಷಿ ಬೇಕಾದಷ್ಟಿದೆ. ದಕ್ಷಿಣ ಅಮೆರಿಕದ ಸುರಿನಾಮ್ 2000ದಲ್ಲಿ ಮುಂಭಾಗದಲ್ಲಿ ಹಕ್ಕಿ, ಹಿಂಭಾಗದಲ್ಲಿ ಹೂವು ಇರುವ ಗಿಲ್ಡರ್ ಸರಣಿ ತಂದಿತು. ನನ್ನ ಮಟ್ಟಿಗೆ ಅದಕ್ಕಿಂತ ಸುಂದರವಾದ ಸರಣಿ ಕಡಿಮೆ. 2004ರಲ್ಲಿ ಸಾವಿರ ಗಿಲ್ಡರ್ ಒಂದು ಸುರಿನಾಮ್ ಡಾಲರಾಗಿ, ಹಳೆಯದೆಲ್ಲ ಆಲ್ಬಮ್ ಸೇರಿತು. ವೆನೆಜುವೆಲದ 2 ಬೊಲಿವರ್ ಮೇಲೆ ಅಮೆಜಾನಿನ ಡಾಲ್ಫಿನ್ ಇದೆ, 20ರ ಮೇಲೆ ಕಡಲಾಮೆ, 50ರ ಮೇಲೆ ಕರಡಿ. 2008ರ ಜನವರಿಯಲ್ಲಿ ಬಂದ ಈ ದುಡ್ಡು 2018ರಲ್ಲಿ ಐದು ಸೊನ್ನೆ ಕಳೆದುಕೊಂಡಿತು. ಕಾರಕಾಸಿನಲ್ಲಿ ಒಂದು ಬ್ರೆಡ್ಡೂ ಬಾರದಿದ್ದ ನೋಟು ಬನಶಂಕರಿಯ ಆಲ್ಬಮಿನಲ್ಲಿ ಗರಿಗರಿಯಾಗಿ ಕೂತಿದೆ. ಆಲ್ಬಮ್ ತೋರಿಸುವಾಗ ಈ ಸಂಗತಿಯನ್ನು ಹೇಳದೆ ಬರೀ ‘ಎಷ್ಟು ಚೆಂದ ನೋಡಿ’ ಅನ್ನುವವರ ಮೇಲೆ ನನಗೆ ಸ್ವಲ್ಪ ಅಸಮಾಧಾನವಿದೆ.

ದಕ್ಷಿಣ ಬೆಂಗಳೂರಿಗೆ ಈ ಹವ್ಯಾಸವನ್ನು ತಂದು ಇಳಿಸಿದ್ದು ಸಾಫ್ಟ್‌ವೇರ್. ಆನ್‌ಸೈಟ್‌ಗೆ ಹೋದ ಮಗನೋ ಮಗಳೋ ಮರಳುವಾಗ ಜೇಬಿನಲ್ಲಿ ಉಳಿದ ಚಿಲ್ಲರೆ ನೋಟನ್ನು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಬದಲಿಸಿದರೆ ಕಮಿಷನ್ನಿಗೇ ಸಾಲದು. ಅದು ಮನೆಗೆ ಬಂತು, ಅಪ್ಪನ ಡ್ರಾಯರ್ ಸೇರಿತು. 2000ದ ಜೂನ್‌ನಲ್ಲಿ ಫೆರಾ ಹೋಗಿ ಅದಕ್ಕಿಂತ ಸಡಿಲವಾದ ಫೆಮಾ ಕಾಯ್ದೆ ಬಂತು. ಈಗಿನ ನಿಯಮದಂತೆ ನಿವಾಸಿ ಭಾರತೀಯರು 2000 ಡಾಲರ್ ಮೌಲ್ಯದವರೆಗೆ ವಿದೇಶಿ ನೋಟು ಇಟ್ಟುಕೊಳ್ಳಬಹುದು, ನಾಣ್ಯಕ್ಕೆ ಮಿತಿಯೇ ಇಲ್ಲ. 2002ರಲ್ಲಿ ಯೂರೊ ನೋಟು ಬಂದು ಫ್ರಾಂಕ್, ಲೀರಾ, ಗಿಲ್ಡರ್‌ಗಳು ಒಟ್ಟಿಗೆ ಕಣ್ಮರೆಯಾದಾಗ, ಡ್ರಾಯರಿನಲ್ಲಿದ್ದದ್ದು ಇನ್ನು ಸಿಗದ ವಸ್ತು ಎಂಬ ಅರಿವು ಹಲವರಿಗೆ ಒಮ್ಮೆಗೇ ಹುಟ್ಟಿತು.

ಆಮೇಲಿನದು ವ್ಯಾಪಾರದ ಕಥೆ. ಕನ್ನಡನಾಡು ನಾಣ್ಯ ಸಂಘದ ‘ನಾಣ್ಯದರ್ಶಿನಿ’ಯಂಥ ಪ್ರದರ್ಶನಗಳ ಮೇಜುಗಳಲ್ಲಿ ನೂರು ದೇಶದ ನೂರು ನೋಟಿನ ಪ್ಯಾಕೆಟ್ಟುಗಳು ಬಂದವು. ಹೊಸಬರಿಗೆ ಅದು ಸುಲಭದ ದಾರಿ, ಆದರೆ ಆಯ್ಕೆಯ ಸುಖ ಅಲ್ಲಿಲ್ಲ. ಕೈಪಳಗಿದವರು ಪ್ರಾಣಿ, ಹಕ್ಕಿ, ಸೇತುವೆ, ಹೆಣ್ಣುಮಕ್ಕಳ ಚಿತ್ರ ಎಂದು ಒಂದು ವಿಷಯ ಹಿಡಿಯುತ್ತಾರೆ. ಮಡಿಕೆಯಿಲ್ಲದ ‘ಯುಎನ್‌ಸಿ’ ನೋಟೇ ಎಲ್ಲರಿಗೂ ಬೇಕು. ನಮ್ಮ ಹಳೆಯ ನೋಟುಗಳಲ್ಲಿ ಈ ದರ್ಜೆ ಸುಲಭವಲ್ಲ, ಯಾಕೆಂದರೆ ಬ್ಯಾಂಕುಗಳು ಕಂತೆಗೆ ಪಿನ್ನು ಹೊಡೆಯುತ್ತಿದ್ದವು. 2001ರಲ್ಲಿ ರಿಸರ್ವ್ ಬ್ಯಾಂಕ್ ತಡೆಯುವತನಕ ಹೊಸ ನೋಟಿಗೂ ತೂತು ತಪ್ಪಿದ್ದಲ್ಲ. ನೋಟು ಇಡುವ ಕವರಿನ ವಿಷಯದಲ್ಲೂ ಜಿಪುಣತನ ಬೇಡ. ಅಗ್ಗದ ಪಿವಿಸಿ ಹಾಳೆ ಕೆಲವೇ ವರ್ಷಗಳಲ್ಲಿ ಜಿಡ್ಡು ಬಿಟ್ಟು ಶಾಯಿಗೆ ಅಂಟಿಕೊಳ್ಳುತ್ತದೆ.

ಭಾರತೀಯ ನೋಟುಗಳ ದಾರಿಯೇ ಬೇರೆ. ಸಂಗ್ರಾಹಕ ರಿಜ್ವಾನ್ ರಜಾಕ್ ಅವರು ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ 2020ರಲ್ಲಿ ತೆರೆದ ಭಾರತೀಯ ಕಾಗದದ ಹಣದ ಮ್ಯೂಸಿಯಂ ನೋಡಿದರೆ ಅದು ಎಷ್ಟು ದುಬಾರಿ ಲೋಕ ಎಂದು ತಿಳಿಯುತ್ತದೆ. ಕನ್ನಡಿಗರಿಗೆ ಅಲ್ಲೊಂದು ಸೆಳೆತವಿದೆ: ನಿಜಾಮರ ಹೈದರಾಬಾದ್ ಸಂಸ್ಥಾನದ ನೋಟುಗಳ ಮೇಲೆ ಉರ್ದು, ತೆಲುಗು, ಮರಾಠಿಯ ಜೊತೆ ಕನ್ನಡವೂ ಇತ್ತು. ಆದರೆ ಒಳ್ಳೆಯ ಸ್ಥಿತಿಯದು ಸಂಬಳದಾರರ ಕೈಗೆ ಎಟುಕುವಂಥದ್ದಲ್ಲ. ವಿದೇಶಿ ನೋಟಿನಲ್ಲೂ ನಮ್ಮವರ ಅಭಿಮಾನ ಬೆಲೆ ಏರಿಸುವುದುಂಟು. ಇಂಡೊನೇಷ್ಯದ 1998ರ 20,000 ರೂಪಿಯ ಮೇಲೆ ಗಣೇಶನಿದ್ದಾನೆ. ಅದೇ ದೇಶದ ಮಿಕ್ಕ ನೋಟುಗಳಿಗಿಲ್ಲದ ಗಿರಾಕಿ ಇಲ್ಲಿ ಅದಕ್ಕಿದೆ.

ಅಗ್ಗ ಎಂಬುದು ಶಾಶ್ವತವೂ ಅಲ್ಲ. ಜಿಂಬಾಬ್ವೆ 2009ರಲ್ಲಿ ಚಲಾವಣೆಗೆ ಬಿಟ್ಟ ನೂರು ಟ್ರಿಲಿಯನ್ ಡಾಲರ್ ನೋಟಿನಲ್ಲಿರುವುದು ಒಂದರ ಮೇಲೊಂದು ನಿಂತ ಬಂಡೆಗಳು. ಆನೆಗೊಂದಿ ಕಂಡವರಿಗೆ ಅಪರಿಚಿತವಲ್ಲ. ಮೊದಮೊದಲು ಕೆಲವೇ ಡಾಲರಿಗೆ ಸಿಗುತ್ತಿದ್ದ ಅದು ಈಗ ಸಾವಿರಾರು ರೂಪಾಯಿಗೆ ಏರಿದೆ, ನಕಲಿಯೂ ಹುಟ್ಟಿದೆ. ಇದನ್ನು ನೋಡಿ ನೋಟನ್ನು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಮೊಹರು ಮಾಡಿಸಿ ಗ್ರೇಡ್ ಹಾಕಿಸುವ ಹುಚ್ಚು ಇಲ್ಲಿಗೂ ಬಂದಿದೆ. ದುಬಾರಿ ನೋಟಿಗೆ ಸರಿ, ಐವತ್ತು ರೂಪಾಯಿಯ ಮೊಲಕ್ಕೆ ಅದರ ಹತ್ತಾರು ಪಟ್ಟು ಶುಲ್ಕ ಕೊಡುವುದು ನನಗೆ ಅರ್ಥವಾಗದ ವ್ಯವಹಾರ. ಮುಟ್ಟಿದರೆ ಬೆರಳಿಗೆ ತಾಗುವ ಉಬ್ಬು ಮುದ್ರಣವೇ ನೋಟಿನ ಅರ್ಧ ಸೊಗಸು. ಚೌಕಟ್ಟಿಗೆ ಹಾಕಿದಮೇಲೆ ಅದೂ ಹೋಯಿತು.

2016ರ ನೋಟು ರದ್ದತಿ ಹವ್ಯಾಸಿಗಳನ್ನೂ ಬ್ಯಾಂಕಿನ ಸರದಿಯಲ್ಲಿ ನಿಲ್ಲಿಸಿತು. ಮರುವರ್ಷದ ಕಾಯ್ದೆ ರದ್ದಾದ ನೋಟುಗಳನ್ನು ಸಾಮಾನ್ಯರು ಹತ್ತರವರೆಗೆ, ಅಧ್ಯಯನ ಅಥವಾ ಸಂಗ್ರಹಕ್ಕಾದರೆ ಇಪ್ಪತ್ತೈದರವರೆಗೆ ಇಟ್ಟುಕೊಳ್ಳಬಹುದು ಎಂದಿತು. ಸಂಗ್ರಾಹಕ ಎಂಬ ಜೀವಿ ಕಾನೂನಿನ ಕಣ್ಣಿಗೆ ಬಿದ್ದದ್ದು ಹೀಗೆ.

ಈಗಿನ ಬದಲಾವಣೆ ನೋಟಿನ ಮೈಯಲ್ಲೇ ನಡೆದಿದೆ. ಆಸ್ಟ್ರೇಲಿಯ 1988ರಲ್ಲಿ ತಂದ ಪಾಲಿಮರ್ ನೋಟು ನೇಪಾಳ, ರೊಮೇನಿಯಗಳವರೆಗೂ ಹರಡಿತು. 1999ರ ಸೂರ್ಯಗ್ರಹಣಕ್ಕೆಂದು ರೊಮೇನಿಯ ಹೊರಡಿಸಿದ 2000 ಲೇಯ್ ನೋಟು ಇಂದಿಗೂ ಹೊಸಬರ ಕೈಗೆಟುಕುವ ಒಳ್ಳೆಯ ಆರಂಭ. ಸ್ವಿಟ್ಜರ್ಲೆಂಡ್, ಕೆನಡಾಗಳು ನಿಲುವಾದ ವಿನ್ಯಾಸಕ್ಕೆ ಹೋಗಿವೆ. ವರ್ಣಭೇದದ ವಿರುದ್ಧ ನಿಂತ ವಯೊಲಾ ಡೆಸ್ಮಂಡ್ ಅವರ ಚಿತ್ರವಿರುವ ಕೆನಡಾದ 10 ಡಾಲರ್ ನೋಟಿಗೆ 2018ರ ವರ್ಷದ ನೋಟು ಪ್ರಶಸ್ತಿಯೂ ಬಂತು. ನಮ್ಮಲ್ಲಿ ಸಿಗುವ ಮೂರು ಖಾನೆಯ ಆಲ್ಬಮ್ ಹಾಳೆಗಳು ಮಾತ್ರ ಇನ್ನೂ ಅಡ್ಡಡ್ಡವೇ ಇವೆ. ಆ ನೋಟು ನೋಡಬೇಕಾದರೆ ಆಲ್ಬಮನ್ನೇ ತಿರುಗಿಸಬೇಕು, ಇಲ್ಲವೇ ಕತ್ತು ವಾಲಿಸಬೇಕು.