ತೋಟಕ್ಕೆ ಪಹಣಿ ಇದೆ, ಮನೆಗೆ?

ಬಯಲುಸೀಮೆಯಲ್ಲಿ ಊರು ಎಂದರೆ ಒಂದೆಡೆ ಒತ್ತಾಗಿ ಸೇರಿದ ಮನೆಗಳು, ಸುತ್ತ ಹೊಲ. ರೈತ ಬೆಳಿಗ್ಗೆ ಊರಿನಿಂದ ಹೊಲಕ್ಕೆ ಹೋಗುತ್ತಾನೆ, ಸಂಜೆ ಹೊಲದಿಂದ ಊರಿಗೆ ಬರುತ್ತಾನೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗೆ ಈ ಚಿತ್ರ ಹೊಂದುವುದಿಲ್ಲ. ಇಲ್ಲಿ ಕಣಿವೆಗೊಂದು ತೋಟ, ತೋಟಕ್ಕೊಂದು ಮನೆ. ಪಕ್ಕದ ಮನೆಗೆ ಹೋಗಬೇಕಾದರೆ ಎಷ್ಟೋ ಕಡೆ ಒಂದು ಗುಡ್ಡ ಹತ್ತಿ ಇಳಿಯಬೇಕು. ನಾಲ್ಕು ಮನೆ ಇದ್ದರೂ ಅದಕ್ಕೊಂದು ಊರಿನ ಹೆಸರಿರುತ್ತದೆ.

ಕಂದಾಯ ಕಾನೂನು ಮಾತ್ರ ಬಯಲುಸೀಮೆಯ ಊರನ್ನೇ ಕಣ್ಣ ಮುಂದಿಟ್ಟುಕೊಂಡು ಬರೆದಂತಿದೆ. ನಕ್ಷೆಯಲ್ಲಿ ಮನೆಗಳಿರುವ ಜಾಗಕ್ಕೆ ಗ್ರಾಮಠಾಣಾ ಎಂದು ಹೆಸರು. ಅದರ ಹೊರಗಿನ ನೆಲವೆಲ್ಲ ಕೃಷಿಗೆ, ಇಲ್ಲವೇ ಸರ್ಕಾರಕ್ಕೆ, ಇಲ್ಲವೇ ಅರಣ್ಯಕ್ಕೆ ಸೇರಿದ್ದು. ಮಲೆನಾಡಿನ ತೋಟದ ಮನೆ ಈ ಲೆಕ್ಕದಲ್ಲಿ ಎಲ್ಲಿ ಸೇರಬೇಕು? ತಲೆಮಾರುಗಳಿಂದ ವಾಸವಾಗಿರುವ ಮನೆಗೂ ಅಪ್ಪಣೆ ಬೇಕೇ? ಬೇಕಾದರೆ ಯಾರದ್ದು? ಈ ಮೂರು ತಾಲ್ಲೂಕುಗಳ ಒಂದು ಶತಮಾನದ ಭೂಮಿಯ ಕಥೆ ಈ ಪ್ರಶ್ನೆಯ ಸುತ್ತಲೇ ಸುತ್ತುತ್ತದೆ ಎಂದರೆ ಹೆಚ್ಚಾಗಲಾರದು.

ಮನೆ ಏಕೆ ತೋಟದ ಬಳಿ?

ಅಡಿಕೆ ಮರಕ್ಕೆ ನೀರು ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಬಿಸಿಲಿನ ಝಳವನ್ನೂ ಅದು ತಾಳದು. ಆದ್ದರಿಂದ ಎರಡು ಗುಡ್ಡಗಳ ನಡುವಿನ ತಂಪಾದ ಕಣಿವೆಯೇ ತೋಟಕ್ಕೆ ಸರಿಯಾದ ಜಾಗ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯಬೇಕು. ಬೇಸಿಗೆಯಲ್ಲಿ ನೀರು ಕಟ್ಟಬೇಕು. ಕೊಯ್ಲಿನ ಕಾಲದಲ್ಲಂತೂ ಬಿಡುವೇ ಇಲ್ಲ. ಇಲ್ಲಿ ಅಡಿಕೆಯನ್ನು ಹಸಿರಾಗಿರುವಾಗಲೇ ಕೊಯ್ದು, ಸುಲಿದು, ಬೇಯಿಸಿ, ಒಣಗಿಸುತ್ತಾರೆ. ಕೊನೆ ಇಳಿಸಿದ ಮೇಲೆ ಸುಲಿಯುವುದನ್ನು ಬಹಳ ದಿನ ಮುಂದೂಡುವಂತಿಲ್ಲ. ಹಂಡೆ, ಒಲೆ, ಅಂಗಳ, ಚಪ್ಪರ, ಅಟ್ಟ ಎಲ್ಲವೂ ಕೈಗೆಟುಕುವಂತಿರಬೇಕು. ಮಂಗನಿಂದ, ಕಳ್ಳರಿಂದ ಕಾಯಬೇಕು. ಮೂರು ಮೈಲಿ ದೂರದ ಊರಿನಲ್ಲಿ ಮಲಗಿ ಇಷ್ಟನ್ನೆಲ್ಲ ಮಾಡಲಾಗದು.

ಆದರೆ ಮನೆಯನ್ನು ತೋಟದ ನಡುವೆ ಕಟ್ಟುವುದೂ ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ಕಣಿವೆಯ ತಳ ಸದಾ ಜೌಗು. ಅಂಗಳಕ್ಕೆ ಬಿಸಿಲೂ ಬೇಕು. ಹೀಗಾಗಿ ತೋಟದ ಅಂಚಿನ ಗುಡ್ಡದ ಧರೆ ಕಡಿದು ಮಟ್ಟಮಾಡಿ ಮನೆ, ಕೊಟ್ಟಿಗೆ, ಅಂಗಳ ಮಾಡಿಕೊಳ್ಳುವುದು ಇಲ್ಲಿನ ರೂಢಿ. ತೊಡಕಿನ ಬೇರು ಇರುವುದು ಇಲ್ಲೇ. ಹಲವು ಕಡೆ ತೋಟದ ಸರ್ವೆ ನಂಬರ್ ಕಣಿವೆಯಲ್ಲಿ ಮುಗಿದುಹೋಗುತ್ತದೆ. ಮನೆ ನಿಂತ ಗುಡ್ಡ ಕಾಗದದಲ್ಲಿ ಬೇರೆಯೇ ಹೆಸರಿನಲ್ಲಿ ಇರುತ್ತದೆ.

ಸೊಪ್ಪಿಗೆ ಹಕ್ಕು, ಸೂರಿಗಿಲ್ಲ

ಆ ಹೆಸರುಗಳಲ್ಲಿ ಮುಖ್ಯವಾದದ್ದು ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪಿನ ಗೊಬ್ಬರ ಬೇಕೇಬೇಕು ಎಂಬುದನ್ನು ಹಿಂದಿನ ಆಡಳಿತಗಾರರು ಚೆನ್ನಾಗಿ ಅರಿತಿದ್ದರು. 17ನೇ ಶತಮಾನದಲ್ಲಿ ಬಿದನೂರಿನಿಂದ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರದಿಂದ, ಆಳಿದ ಕೆಳದಿಯ ಶಿವಪ್ಪನಾಯಕನ ಕಂದಾಯ ವ್ಯವಸ್ಥೆ ‘ಶಿಸ್ತು’ ಎಂದೇ ಹೆಸರಾಗಿದೆ. ಆ ಕಾಲದಿಂದ ಬ್ರಿಟಿಷರ ಕಾಲದವರೆಗೂ ಅಡಿಕೆ ತೋಟ ಸರ್ಕಾರಕ್ಕೆ ಒಳ್ಳೆಯ ಆದಾಯದ ಮೂಲ. ತೋಟ ಉಳಿಯಬೇಕಾದರೆ ಸೊಪ್ಪು ಸಿಗಬೇಕು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೇ ಕಲಮು ಈ ಹಳೆಯ ಸೌಲಭ್ಯಗಳನ್ನು ಮುಂದುವರಿಸಿತು. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಉತ್ತರ ಕನ್ನಡದ ಬೆಟ್ಟಗಳ ಜೊತೆಗೆ ಹಳೆಯ ಮೈಸೂರು ಭಾಗದ ಕಾನು ಮತ್ತು ಸೊಪ್ಪಿನ ಬೆಟ್ಟಗಳ ಹೆಸರೂ ಅದರಲ್ಲಿದೆ.

ಆದರೆ ಅದು ಸೌಲಭ್ಯ ಮಾತ್ರ, ಒಡೆತನವಲ್ಲ. ಸೊಪ್ಪು ಕಡಿಯಬಹುದು, ದರಗು ಗುಡಿಸಬಹುದು, ಉರುವಲು ತರಬಹುದು. ಅಲ್ಲಿ ಕಟ್ಟಿದ ಮನೆಗೆ ಆ ಕಲಮು ರಕ್ಷಣೆ ಕೊಡುವುದಿಲ್ಲ. ಮರದ ಬುಡಕ್ಕೆ ಏನು ಬೇಕೆಂದು ಕಾನೂನು ಕೇಳಿತು, ಮರ ಸಾಕುವವನು ಎಲ್ಲಿ ಮಲಗುತ್ತಾನೆ ಎಂದು ಕೇಳಲಿಲ್ಲ.

ಒಡೆಯನ ನೆಲದಲ್ಲಿ ಮನೆ

ಸ್ವಂತ ತೋಟ ಇದ್ದವರ ಮಾತು ಇದು. ಗೇಣಿದಾರರ, ಕೂಲಿಕಾರರ ಪಾಡು ಬೇರೆ. ಅವರು ಉಳುವ ಗದ್ದೆ ಒಡೆಯರದ್ದು, ಬಹಳ ಮಂದಿಗೆ ಮನೆಯ ಅಡಿಯ ನೆಲವೂ ಒಡೆಯರದ್ದೇ. ಒಡೆಯನಿಗೆ ಸಿಟ್ಟು ಬಂದರೆ ಸಾಗುವಳಿಯ ಜೊತೆ ಸೂರೂ ಹೋಗುವ ಭಯ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯ ವಿಚಾರವಾಗಿ ಎದ್ದ ಹೋರಾಟವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಎಚ್. ಗಣಪತಿಯಪ್ಪನವರ ರೈತ ಸಂಘ, ನಂತರ ಸಮಾಜವಾದಿ ಪಕ್ಷ, ಶಾಂತವೇರಿ ಗೋಪಾಲಗೌಡರು ಅದನ್ನು ಮುನ್ನಡೆಸಿದರು. ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು.

‘ಉಳುವವನೇ ಹೊಲದೊಡೆಯ’ ಎಂಬ ಮಾತು ಕಾನೂನಾಗಿ ಜಾರಿಗೆ ಬರಲು 1974ರ ಮಾರ್ಚ್ 1ರವರೆಗೆ ಕಾಯಬೇಕಾಯಿತು. ದೇವರಾಜ ಅರಸು ಸರ್ಕಾರದ ಆ ತಿದ್ದುಪಡಿಯಿಂದ ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾಗಿ, ನಮೂನೆ 7ರಲ್ಲಿ ಅರ್ಜಿ ಹಾಕಿದ ಗೇಣಿದಾರರ ಹಕ್ಕನ್ನು ಭೂ ನ್ಯಾಯಮಂಡಳಿಗಳು ತೀರ್ಮಾನಿಸಿದವು. ಅದೇ ಭೂಸುಧಾರಣಾ ಕಾಯ್ದೆಯ 38ನೇ ಕಲಮು ಬೇರೆಯವರ ಜಮೀನಿನಲ್ಲಿ ವಾಸವಾಗಿದ್ದ ಕೃಷಿ ಕಾರ್ಮಿಕನಿಗೆ ಮನೆಯನ್ನೂ ಅದರ ಅಡಿಯ ನಿವೇಶನವನ್ನೂ ಪಡೆಯುವ ದಾರಿ ಮಾಡಿತು. ಇದರ ಮುಂದಿನ ಹೆಜ್ಜೆ 2017ರದ್ದು. ಕಾಗೋಡಿನವರೇ ಆದ ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ 38ಎ ಕಲಮು ಸೇರಿತು. ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿ, ಮಜರೆಗಳ ನಿವಾಸಿಗಳಿಗೆ ಅದು ಅನ್ವಯ. ‘ವಾಸಿಸುವವನೇ ಮನೆಯ ಒಡೆಯ’ ಎಂಬ ಘೋಷಣೆ ಹುಟ್ಟಿದ್ದು ಆಗ. ಉಳುವವನಿಂದ ವಾಸಿಸುವವನವರೆಗೆ ಬರಲು ಕಾನೂನಿಗೆ 43 ವರ್ಷ ಹಿಡಿಯಿತು.

ಮುಳುಗಡೆಯವರ ಪಾಡು

ಎಲ್ಲರಿಗಿಂತ ಬಿಗಿಯಾದ ಗಂಟು ಬಿದ್ದಿರುವುದು ಶರಾವತಿ ಮುಳುಗಡೆ ಸಂತ್ರಸ್ತರಿಗೆ. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ತೋಟ, ಗದ್ದೆ, ಮನೆ ನೀರಿನಡಿ ಹೋದವು. ಜನರನ್ನು ಅರಣ್ಯದ ನೆಲಕ್ಕೆ ಕಳುಹಿಸಲಾಯಿತು. ಅವರು ಅಲ್ಲಿ ಹೊಸದಾಗಿ ತೋಟ ಎಬ್ಬಿಸಿದರು, ಮನೆ ಕಟ್ಟಿದರು. ಆದರೆ ಎಷ್ಟೋ ಕಡೆ ದಾಖಲೆಯಲ್ಲಿ ಆ ನೆಲ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಕಡ್ಡಾಯವಾಯಿತು. ಹಾಗೆ ಒಪ್ಪಿಗೆ ಪಡೆಯದೆ ರಾಜ್ಯ ಸರ್ಕಾರ ಹೊರಡಿಸಿದ್ದ ಅಧಿಸೂಚನೆಗಳು 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಿಂದಲಾದರೂ ಪ್ರಯೋಜನ ಆಗಬಹುದೇ? ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದರೆಂದು ತೋರಿಸಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗುತ್ತದೆ. 1964ರಲ್ಲಿ ಸರ್ಕಾರವೇ ಎಬ್ಬಿಸಿ ಕಳುಹಿಸಿದ ಕುಟುಂಬಕ್ಕೆ 2005ರಲ್ಲಿ ಹೊಸ ಜಾಗದಲ್ಲಿ ಆಗಿದ್ದು 41 ವರ್ಷ. ಹಳೆಯ ಊರಿನಲ್ಲಿ ಬಾಳಿದ ವರ್ಷಗಳ ಸಾಕ್ಷಿ ನೀರಿನಡಿಯಲ್ಲಿದೆ.

ಬೇರೆ ದೇಶದಲ್ಲಿ

ತೋಟದಲ್ಲಿ ವಾಸಿಸಲು ಅಪ್ಪಣೆ ಕೇಳುವುದು ನಮ್ಮಲ್ಲಿ ಮಾತ್ರವಲ್ಲ. ಬ್ರಿಟನ್ನಿನಲ್ಲಿ 1947ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ನಂತರ ಸ್ವಂತ ಜಮೀನಿನಲ್ಲಿಯೂ ಹೊಸ ಮನೆ ಕಟ್ಟಲು ಸ್ಥಳೀಯ ಆಡಳಿತದ ಅನುಮತಿ ಬೇಕು. ಹಳ್ಳಿಯ ಬಯಲಿನಲ್ಲಿ ಮನೆ ಬೇಕೆಂದರೆ, ಬೆಳೆ ಅಥವಾ ಜಾನುವಾರಿನ ಸಲುವಾಗಿ ಅಲ್ಲೇ ಇರುವುದು ಅನಿವಾರ್ಯ ಎಂದು ಸಾಮಾನ್ಯವಾಗಿ ತೋರಿಸಬೇಕಾಗುತ್ತದೆ. ಅಲ್ಲಿನ ಪ್ರಶ್ನೆ ‘ಇಲ್ಲಿದ್ದು ಏನು ಮಾಡುತ್ತೀರಿ?’ ಎಂಬುದು. ನಮ್ಮಲ್ಲಿ ಕೇಳುವುದು ‘ಯಾವಾಗಿನಿಂದ ಇದ್ದೀರಿ, ಕಾಗದ ಎಲ್ಲಿ?’ ಎಂದು. ಮೊದಲನೆಯ ಪ್ರಶ್ನೆ ಕೇಳಿದರೆ ಮಲೆನಾಡಿನ ಅಡಿಕೆ ಬೆಳೆಗಾರ ಸುಲಭವಾಗಿ ಉತ್ತರ ಕೊಡಬಲ್ಲ.

ಈಗಿನ ದಾರಿಗಳು

ಹಾಗಾದರೆ ಇಂದು ತೋಟದ ಮನೆಗೆ ಇರುವ ದಾರಿ ಯಾವುದು? ಅದು ಮನೆಯ ಅಡಿಯ ನೆಲ ಯಾರದ್ದು ಎಂಬುದರ ಮೇಲೆ ನಿಂತಿದೆ.

ನೆಲ ಸ್ವಂತ ಹಿಡುವಳಿಯಾಗಿದ್ದರೆ ತೊಂದರೆ ಕಡಿಮೆ. ಭೂಕಂದಾಯ ಅಧಿನಿಯಮದ 95ನೇ ಕಲಮಿನಂತೆ ರೈತ ತನ್ನ ಕೃಷಿ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಬಹುದು. ಅದು ಹಿಡುವಳಿಯ ಶೇ 10 ಮೀರಬಾರದು, ಅದರ ಮೇಲೂ ಗರಿಷ್ಠ ಮಿತಿ ಇದೆ. ಎರಡು ಎಕರೆ ತೋಟವಾದರೆ ಶೇ 10 ಎಂದರೆ 8 ಗುಂಟೆ. ಇದಕ್ಕೆ ಜನ ‘ಅಲಿನೇಷನ್’ ಎನ್ನುವ ಭೂಪರಿವರ್ತನೆ ಬೇಕಿಲ್ಲ. ಕೃಷಿಯೇತರ ಬಳಕೆಗೆ ಮಾತ್ರ ಜಿಲ್ಲಾಧಿಕಾರಿಯ ಅನುಮತಿ ಬೇಕು. ಕಟ್ಟುವುದಕ್ಕೆ ಗ್ರಾಮ ಪಂಚಾಯಿತಿಯ ಪರವಾನಗಿ ಪ್ರತ್ಯೇಕ. ಸಾಲ, ಮಾರಾಟದ ಹೊತ್ತಿಗೆ ಇ–ಸ್ವತ್ತಿನ ನಮೂನೆ 9, 11 ಕೇಳಿದಾಗ ಗ್ರಾಮಠಾಣಾದ ಹೊರಗಿನ ಮನೆಯವರು ಮತ್ತೆ ಅಲೆಯಬೇಕಾಗುತ್ತದೆ.

ನೆಲ ಸರ್ಕಾರಿ ಕಂದಾಯ ಭೂಮಿಯಾಗಿದ್ದರೆ 94ಸಿ ಕಲಮಿನಡಿ ಮನೆಗೆ ಹಕ್ಕುಪತ್ರ ಸಿಗಬಹುದು. ಸಾಗುವಳಿಗೆ ಬಗರ್ ಹುಕುಂ ಅರ್ಜಿಗಳಿವೆ: 1991ರ ನಮೂನೆ 50, 1998–99ರ ನಮೂನೆ 53, 2018ರ ನಮೂನೆ 57. ಬಗರ್ ಹುಕುಂ ಎಂದರೆ ಹುಕುಂ ಇಲ್ಲದ್ದು, ಅಪ್ಪಣೆ ಇಲ್ಲದ್ದು ಎಂದೇ ಅರ್ಥ. ಒಂದೇ ಕುಟುಂಬ ತೋಟಕ್ಕೊಂದು, ಮನೆಗೊಂದು ಎಂದು ಬೇರೆ ಬೇರೆ ಅರ್ಜಿ ಹಾಕಬೇಕಾದ ಪ್ರಸಂಗ ಇಲ್ಲಿ ಅಪರೂಪವಲ್ಲ. ಅರಣ್ಯವೆಂದು ದಾಖಲಾದ ನೆಲಕ್ಕೆ ಇವು ಯಾವುವೂ ನಡೆಯುವುದಿಲ್ಲ.

ಕಾಡು ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಕಾನು ಬೋಳಾದರೆ ಕಣಿವೆಯ ತೋಟಕ್ಕೆ ನೀರೂ ಇಲ್ಲ, ಸೊಪ್ಪೂ ಇಲ್ಲ. ಹೊಸ ಒತ್ತುವರಿಯನ್ನು ತಡೆಯಲೇಬೇಕು. ಆದರೆ ಹಳೆಯ ತೋಟದ ಅಂಚಿನ ಮನೆಯನ್ನೂ ನಿನ್ನೆ ಮೊನ್ನೆ ಹಾಕಿದ ಬೇಲಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ತೋಟ, ಬೆಟ್ಟ, ಮನೆ ಮೂರೂ ಸೇರಿಯೇ ಇಲ್ಲಿ ಒಂದು ಹಿಡುವಳಿ. ಅಳತೆಗೆ ಬರುವ ಸರ್ವೆಯವರು ಮೂರನ್ನೂ ಒಟ್ಟಿಗೆ ನೋಡಿ, ಒಂದೇ ಕಡತದಲ್ಲಿ ದಾಖಲಿಸುವ ಕ್ರಮ ಬಂದರೆ ಅರ್ಧ ಜಗಳ ಅಲ್ಲಿಗೇ ಮುಗಿದೀತು.