ಗರ್ಭನಿರೋಧಕ ಮಾತ್ರೆ: ಸೇವನೆಯ ಕ್ರಮ, ಪರಿಣಾಮ ಮತ್ತು ಎಚ್ಚರಿಕೆ

ಪತಿ ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುವುದು, ಪತ್ನಿ ಊರಿನಲ್ಲಿ ಮನೆ-ಮಕ್ಕಳನ್ನು ನೋಡಿಕೊಳ್ಳುವುದು ಕರಾವಳಿಯಲ್ಲಿ ಹಳೆಯ ರೂಢಿ. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ 1,000 ಪುರುಷರಿಗೆ 1,094 ಮಹಿಳೆಯರಿದ್ದರು. ಪತಿ ರಜೆಯಲ್ಲಿ ಬಂದ ದಿನ ಮಾತ್ರೆ ಆರಂಭಿಸಿ, ಹೊರಟ ದಿನ ನಿಲ್ಲಿಸಿದರೆ ಸಾಕೆಂದು ಭಾವಿಸುವುದು ತಪ್ಪು. ಮಾತ್ರೆಯ ರಕ್ಷಣೆ ನಿಂತಿರುವುದು ಪ್ರತಿದಿನದ ಸೇವನೆಯ ಮೇಲೆ.

ಮಾತ್ರೆಯ ಕೆಲಸ

ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್‌ನ ಒಂದು ಪಟ್ಟಿಯಲ್ಲಿ 28 ಮಾತ್ರೆಗಳಿವೆ. ಇವುಗಳಲ್ಲಿ 21 ಹಾರ್ಮೋನಿನವು. ಬೇರೆ ಬಣ್ಣದ 7 ಕಬ್ಬಿಣಾಂಶದವು. ಹಾರ್ಮೋನುಗಳು ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತವೆ. ತಪ್ಪದೆ ಸೇವಿಸಿದರೆ ವರ್ಷವೊಂದರಲ್ಲಿ 1,000 ಮಹಿಳೆಯರ ಪೈಕಿ ಸುಮಾರು ಮೂವರು ಮಾತ್ರ ಗರ್ಭ ಧರಿಸುತ್ತಾರೆ. ಮರೆವು, ವಿಳಂಬಗಳು ಸೇರಿದ ವಾಸ್ತವ ಬಳಕೆಯಲ್ಲಿ ಈ ಪ್ರಮಾಣ 100ಕ್ಕೆ ಸುಮಾರು 7.

ಸೇವನೆಯ ಕ್ರಮ

ಮುಟ್ಟು ಆರಂಭವಾದ 5 ದಿನಗಳೊಳಗೆ ಮೊದಲ ಮಾತ್ರೆ ಸೇವಿಸಿದರೆ ರಕ್ಷಣೆ ಕೂಡಲೇ ದೊರೆಯುತ್ತದೆ. ಬಳಿಕ ಆರಂಭಿಸುವುದಾದರೆ ಗರ್ಭ ನಿಂತಿಲ್ಲವೆಂದು ಖಚಿತಪಡಿಸಿಕೊಂಡು, ಮೊದಲ 7 ದಿನ ಕಾಂಡೋಮ್ ಬಳಸಬೇಕು. ಪತಿಯ ಆಗಮನ ನಿಶ್ಚಿತವಾಗಿದ್ದರೆ ಅದಕ್ಕೆ ಹಿಂದಿನ ಮುಟ್ಟಿನಲ್ಲೇ ಆರಂಭಿಸುವುದು ಸೂಕ್ತ. ಅವರು ಮರಳಿದ ನಂತರವೂ ಕೈಯಲ್ಲಿರುವ ಪಟ್ಟಿಯನ್ನು ಪೂರ್ಣಗೊಳಿಸಬೇಕು. ದಿನವೂ ಒಂದೇ ವೇಳೆಗೆ, ರಾತ್ರಿಯೂಟದ ಬಳಿಕ ಸೇವಿಸಿದರೆ ಮರೆವು ಕಡಿಮೆ.

ಮರೆತರೆ ಏನು ಮಾಡಬೇಕು?

ಹಾರ್ಮೋನಿನ ಒಂದು ಮಾತ್ರೆ ತಪ್ಪಿದರೆ ನೆನಪಾದೊಡನೆ ಸೇವಿಸಿ, ಆ ದಿನದ ಮಾತ್ರೆಯನ್ನೂ ಅದರ ವೇಳೆಗೆ ತೆಗೆದುಕೊಳ್ಳಬೇಕು. ಸತತ ಎರಡು ಅಥವಾ ಹೆಚ್ಚು ತಪ್ಪಿದರೆ ಒಂದನ್ನು ಕೂಡಲೇ ಸೇವಿಸಿ, ಉಳಿದುದನ್ನು ದಿನಕ್ಕೊಂದರಂತೆ ಮುಂದುವರಿಸಿ, 7 ದಿನ ಕಾಂಡೋಮ್ ಬಳಸಬೇಕು. ಇದು ಮೂರನೆಯ ವಾರದಲ್ಲಾದರೆ ಕಬ್ಬಿಣದ ಮಾತ್ರೆಗಳನ್ನು ಬಿಟ್ಟು ನೇರವಾಗಿ ಹೊಸ ಪಟ್ಟಿ ಆರಂಭಿಸಬೇಕು. ಮಾತ್ರೆ ನುಂಗಿದ 3 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದನ್ನು ಸೇವಿಸಬೇಕು.

ವಾರಕ್ಕೊಂದು ಮಾತ್ರೆ

ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಹಾರ್ಮೋನುರಹಿತ ಸೆಂಟ್‌ಕ್ರೋಮನ್ 'ಛಾಯಾ' ಹೆಸರಿನಲ್ಲಿ ಸರಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಬಳಿಕ ವಾರಕ್ಕೊಂದು ಸೇವಿಸಬೇಕು. ಹಾಲುಣಿಸುವ ತಾಯಂದಿರಿಗೂ ಇದು ಸೂಕ್ತ. ಆರಂಭದಲ್ಲಿ ಮುಟ್ಟು ತಡವಾಗುವುದುಂಟು.

ಗೊಂದಲ ಬೇಡ

ಮದುವೆ, ಪೂಜೆ, ನಾಗಾರಾಧನೆಗಳ ಸಂದರ್ಭ ಮುಟ್ಟು ಮುಂದೂಡಲು ಸೇವಿಸುವ ನಾರೆತಿಸ್ಟೆರಾನ್ ಮಾತ್ರೆಯನ್ನು ಗರ್ಭನಿರೋಧಕವೆಂದು ನಂಬಬಾರದು. ಅಸುರಕ್ಷಿತ ಸಂಪರ್ಕದ ಬಳಿಕ 72 ಗಂಟೆಯೊಳಗೆ ಸೇವಿಸುವ ತುರ್ತು ಮಾತ್ರೆ ದಿನನಿತ್ಯದ ಕ್ರಮಕ್ಕೆ ಬದಲಿಯಲ್ಲ. ಅದನ್ನು ಎಷ್ಟು ಬೇಗ ಸೇವಿಸಿದರೆ ಅಷ್ಟು ಪರಿಣಾಮಕಾರಿ. ಯಾವ ಮಾತ್ರೆಯೂ ಎಚ್‌ಐವಿಯಿಂದ ರಕ್ಷಿಸದು.

ಪರಿಣಾಮಗಳು

ವಾಕರಿಕೆ, ತಲೆನೋವು, ಸ್ತನಗಳಲ್ಲಿ ನೋವು, ನಡುವೆ ರಕ್ತದ ಕಲೆ ಕಾಣಿಸಬಹುದು. ಇವು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಶಮನವಾಗುತ್ತವೆ. ಮಾತ್ರೆಯಿಂದ ಬಂಜೆತನ ಬರುತ್ತದೆಂಬುದು ಸುಳ್ಳು. ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಾಧ್ಯತೆ ಇದರಿಂದ ತಗ್ಗುತ್ತದೆ. ಸೇವಿಸುವ ಅವಧಿಯಲ್ಲಿ ಸ್ತನ ಕ್ಯಾನ್ಸರ್ ಸಾಧ್ಯತೆ ಅಲ್ಪ ಹೆಚ್ಚಿದ್ದು, ನಿಲ್ಲಿಸಿದ ಬಳಿಕ ಕ್ರಮೇಣ ಇಳಿಯುತ್ತದೆ.

ಯಾರು ಸೇವಿಸಬಾರದು?

ಅಧಿಕ ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟಿದ ಇತಿಹಾಸ, ತೀವ್ರ ಯಕೃತ್ತಿನ ರೋಗ, ಸ್ತನ ಕ್ಯಾನ್ಸರ್, ಕಣ್ಣಮುಂದೆ ಮಿಂಚು ಕಾಣಿಸುವ ಅರೆತಲೆನೋವು ಇರುವವರಿಗೆ ಹಾರ್ಮೋನಿನ ಈ ಸಂಯುಕ್ತ ಮಾತ್ರೆ ತಕ್ಕುದಲ್ಲ. 35 ವರ್ಷ ದಾಟಿದ ಧೂಮಪಾನಿಗಳು, 6 ತಿಂಗಳೊಳಗಿನ ಶಿಶುವಿಗೆ ಹಾಲುಣಿಸುವವರು ಬೇರೆ ವಿಧಾನ ಅನುಸರಿಸಬೇಕು. ಕ್ಷಯರೋಗದ ರಿಫಾಂಪಿಸಿನ್, ಅಪಸ್ಮಾರದ ಕೆಲವು ಔಷಧಗಳು ಮಾತ್ರೆಯ ಶಕ್ತಿ ಕುಂದಿಸುತ್ತವೆ. ಎದೆನೋವು, ಉಸಿರಾಟದ ತೊಂದರೆ, ಒಂದು ಕಾಲಿನಲ್ಲಿ ಊತ ಮತ್ತು ನೋವು, ಹಠಾತ್ ದೃಷ್ಟಿದೋಷ ಉಂಟಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಸಲಹೆ ಎಲ್ಲಿ?

ಉಡುಪಿಯ ಸರಕಾರಿ ತಾಯಿ-ಮಕ್ಕಳ ಆಸ್ಪತ್ರೆ, ಕಾರ್ಕಳದ ತಾಲೂಕು ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹಾಗೂ ಕಾಪು ಪರಿಸರದ ಆರೋಗ್ಯ ಕೇಂದ್ರಗಳಲ್ಲಿ ಸಲಹೆ ಪಡೆಯಬಹುದು. ಗ್ರಾಮಗಳಲ್ಲಿ ಆಶಾ ಕಾರ್ಯಕರ್ತೆಯರೂ ಮಾಹಿತಿ ನೀಡುತ್ತಾರೆ. ಮೊದಲ ಪಟ್ಟಿಗೆ ಮುನ್ನ ರಕ್ತದೊತ್ತಡ ಪರೀಕ್ಷಿಸಿಕೊಳ್ಳುವುದು ಒಳಿತು.