ಬಸಿರಿಗೆ ಮುನ್ನಿನ ತುತ್ತು

ಬಸುರಿಯ ಊಟೋಪಚಾರದ ವಿಷಯದಲ್ಲಿ ನಮ್ಮ ಜನ ಎಂದೂ ಕೈ ಬಿಗಿಹಿಡಿದವರಲ್ಲ. ಐದೋ ಏಳೋ ತಿಂಗಳು ತುಂಬಿತೆಂದರೆ ತವರಿನಿಂದ ಬುತ್ತಿ ಬರುತ್ತದೆ. ಸೀಮಂತ, ಬಯಕೆಯೂಟ, ಹಸಿರು ಬಳೆ ಎಲ್ಲವೂ ಆಗುತ್ತವೆ. ಆದರೆ ಬಸಿರು ನಿಲ್ಲುವುದಕ್ಕೆ ಮೊದಲು ಆಕೆ ಏನು ಉಣ್ಣುತ್ತಿದ್ದಳೆಂದು ಕೇಳುವವರು ಕಡಮೆ. ಈ ಪ್ರಶ್ನೆಯನ್ನು ಕೇಳಿದವರ ಕಥೆ ನನಗೆ ಬಹಳ ದೊಡ್ಡದೆಂದು ತೋರುತ್ತದೆ.

ಹಳಬರು ಅದನ್ನು ಕೇಳದೆ ಇರಲಿಲ್ಲ. ಬೃಹದಾರಣ್ಯಕ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಎಂಥ ಸಂತಾನ ಬೇಕಾದವರು ಎಂಥ ಅನ್ನ ಉಣ್ಣಬೇಕೆಂಬ ವಿಧಿಯಿದೆ. ಪಂಡಿತೆಯಾದ ಮಗಳನ್ನು ಬಯಸುವ ದಂಪತಿಗಳಿಗೆ ಅಲ್ಲಿ ಹೇಳಿರುವುದು ತುಪ್ಪ ಬೆರೆಸಿದ ಎಳ್ಳನ್ನ. ಸುಶ್ರುತನಾದರೋ ಗರ್ಭಕ್ಕೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕನ್ನು ಬೇಸಾಯದಂತೆಯೇ ಎಣಿಸುತ್ತಾನೆ. ಗಂಡಿಗೆ ಹಾಲು ತುಪ್ಪದ ಅನ್ನವನ್ನೂ ಹೆಣ್ಣಿಗೆ ಎಣ್ಣೆ ಉದ್ದುಗಳನ್ನೂ ವಿಧಿಸುತ್ತಾನೆ. ಎಳ್ಳನ್ನದಿಂದ ಪಾಂಡಿತ್ಯ ಬರುತ್ತದೆಂದು ಇಂದು ಯಾರೂ ವಾದಿಸಲಾರರು. ಆದರೆ ಬಿತ್ತುವ ಮೊದಲೇ ಹೊಲವನ್ನು ನೋಡಬೇಕೆಂಬ ತಿಳಿವು ಮಾತ್ರ ಹುಸಿಯಲ್ಲ.

ಹೊಲಕ್ಕೆ ಬೇಕಾದುದೇನೆಂಬುದು ಗೊತ್ತಾಗಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದಳು. ಅಲ್ಲಿನ ಬಟ್ಟೆ ಗಿರಣಿಗಳ ಬಡ ಹೆಂಗಸರು ಬಸಿರಿನಲ್ಲಿ ರಕ್ತಹೀನತೆಯಿಂದ ಬಿಳಿಚಿಕೊಂಡು ಸಾಯುತ್ತಿದ್ದರು. ಆಕೆ ಅವರ ರಕ್ತವನ್ನಷ್ಟೇ ನೋಡಲಿಲ್ಲ, ಅವರ ತಟ್ಟೆಯನ್ನೂ ನೋಡಿದಳು. ರೋಗದ ಬೇರು ಯಾವುದೋ ಕ್ರಿಮಿಯಲ್ಲಿಲ್ಲ, ಊಟದ ಕೊರತೆಯಲ್ಲಿದೆ ಎಂಬುದು ಅವಳಿಗೆ ಮನವರಿಕೆಯಾಯಿತು. ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿಯೂ ಆಕೆ ಕೆಲಸಮಾಡಿದಳು. ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಮಾರ್ಮೈಟ್ ಎಂಬ ಅಗ್ಗದ ಈಸ್ಟ್ ಸಾರ ಗುಣ ಕೊಟ್ಟಿತು, ಹೆಂಗಸರಿಗೂ ಕೊಟ್ಟಿತು. 1931ರಲ್ಲಿ ಆಕೆ ಇದನ್ನು ಪ್ರಕಟಿಸಿದಳು. ಆ ಸಾರದೊಳಗಿನ ವಸ್ತು ಯಾವುದೆಂದು ಅರಿಯದೆ ಜನ ಅದನ್ನು ‘ವಿಲ್ಸ್ ಅಂಶ’ವೆಂದೇ ಕರೆದರು.

ಹತ್ತು ವರ್ಷದ ಮೇಲೆ, 1941ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪನ್ನು ಸೋಸಿ ಆ ಬಗೆಯ ವಸ್ತುವನ್ನು ತೆಗೆದರು. ಲ್ಯಾಟಿನ್ ಭಾಷೆಯಲ್ಲಿ ‘ಫೋಲಿಯಂ’ ಎಂದರೆ ಎಲೆ. ಅದರಿಂದ ಫೋಲಿಕ್ ಆಮ್ಲವೆಂಬ ಹೆಸರಾಯಿತು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದುದು ಲೆಡರ್ಲೆ ಪ್ರಯೋಗಾಲಯ. ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.

ಇಷ್ಟರಿಂದ ತಾಯಿಯ ರಕ್ತಕ್ಕೆ ಮದ್ದು ಸಿಕ್ಕಿತು. ಮಗುವಿನ ಮಾತು ಬಂದದ್ದು ಆಮೇಲೆ. ಮೆದುಳು ಬೆನ್ನುಹುರಿಗಳಾಗಬೇಕಾದ ಎಳೆಯ ಕೊಳವೆ ಗರ್ಭ ನಿಂತ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗು ಬೆನ್ನು ಬಿರಿದು ಹುಟ್ಟುತ್ತದೆ. ಕೆಲವು ಉಳಿಯುವುದೇ ಇಲ್ಲ. ಫೋಲಿಕ್ ಆಮ್ಲದ ಕೊರತೆಗೂ ಇದಕ್ಕೂ ನಂಟಿರಬಹುದೆಂದು ಹಿಬ್ಬರ್ಡ್ ಮತ್ತು ಸ್ಮಿದೆಲ್ಸ್ ಎಂಬ ಇಂಗ್ಲೆಂಡಿನ ವೈದ್ಯರು 1965ರಲ್ಲಿ ಸೂಚಿಸಿದರು. ಸಂದೇಹ ತೀರಿದ್ದು 1991ರಲ್ಲಿ. ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಬಸಿರಿಗೆ ಮೊದಲಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ಅದೇ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗಿತು. ಮರುವರ್ಷ ಅಮೆರಿಕ ಸರಕಾರ, ಬಸಿರಾಗಬಹುದಾದ ಪ್ರತಿ ಹೆಂಗಸೂ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕೆಂದು ಸಾರಿತು.

ಇಪ್ಪತ್ತೆಂಟು ದಿನ! ಮುಟ್ಟು ನಿಂತದ್ದನ್ನು ಲೆಕ್ಕಹಾಕಿ, ಅತ್ತೆಯ ಕಿವಿಗೆ ಹಾಕಿ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆ ಗಡುವು ಮುಗಿದಿರುತ್ತದೆ. ನಮ್ಮ ದೇಶದಲ್ಲಿ 1970ರಿಂದಲೇ ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆ ಕೊಡುವ ಕಾರ್ಯಕ್ರಮವಿದೆ. ಅದು ತಾಯಿಯ ರಕ್ತವನ್ನು ಕಾಯುತ್ತದೆ. ಮುಗಿದುಹೋದ ಆ ನಾಲ್ಕು ವಾರಗಳನ್ನು ಮರಳಿ ತರಲಾರದು.

ಅಡಿಗೆಮನೆಯಲ್ಲಿ ನಮಗೇನೂ ಬಡತನವಿಲ್ಲ. ದಂಟು, ಹರಿವೆ, ಮೆಂತ್ಯ, ಪಾಲಕ್, ಹೆಸರು, ಅಲಸಂದೆ, ಕಡಲೆ ಇವುಗಳಲ್ಲೆಲ್ಲ ಈ ಸತ್ವವಿದೆ. ಅದು ನೀರಿನಲ್ಲಿ ಕರಗಿಹೋಗುವ ಸತ್ವ, ಬಿಸಿಗೂ ನಲುಗುತ್ತದೆ. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅದರ ಒಂದು ಪಾಲು ಬಚ್ಚಲಿಗೆ ಹೋಯಿತೆಂದೇ ತಿಳಿಯಬೇಕು. ನಮ್ಮ ಬಸ್ಸಾರಿನಲ್ಲಿ ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ಕಟ್ಟೇ ಸಾರಾಗುತ್ತದೆ, ಉಳಿದುದು ಪಲ್ಯವಾಗುತ್ತದೆ. ವಿಟಮಿನ್ನಿನ ಹೆಸರು ಕೇಳದ ಅಜ್ಜಿಯರ ಈ ಮಿತವ್ಯಯಕ್ಕೆ ನಾನು ಕೈಮುಗಿಯುತ್ತೇನೆ.

ಹಾಗೆಂದು ಬಸ್ಸಾರೊಂದನ್ನೇ ನಂಬಿ ಕೂರುವುದೂ ಸಲ್ಲದು. ಊಟದಿಂದ ದಿನವೂ ಅಷ್ಟು ಸಿಕ್ಕಿತೆಂದು ಅಳೆದು ಹೇಳುವುದು ಕಷ್ಟ. ಅದಕ್ಕೇ ಮೊದಲೇ ವೈದ್ಯರನ್ನು ಕೇಳಿ ಗುಳಿಗೆ ತೆಗೆದುಕೊಳ್ಳುವುದು. ಇನ್ನೊಂದು ಮಾತು: ಎಲ್ಲ ಎಚ್ಚರ ವಹಿಸಿದರೂ ಕೆಲವು ಮಕ್ಕಳು ಈ ದೋಷದಿಂದ ಹುಟ್ಟುವುದುಂಟು. ಆಗ ಗ್ರಹಣವನ್ನೋ ತಾಯಿಯ ಕರ್ಮವನ್ನೋ ದೂರುವುದು ಅನ್ಯಾಯ.

ಮದುವೆಯ ಮನೆಯಲ್ಲಿ ಹೆಣ್ಣಿನ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬುತ್ತೇವೆ. ಮಡಿಲು ತುಂಬಲೆಂದು ಹರಸುವ ನಾವು ಆಕೆಯ ತಟ್ಟೆ ತುಂಬಿದೆಯೇ ಎಂದು ಅಂದಿನಿಂದಲೇ ನೋಡಬೇಕು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಸೊಸೆಗೆ ಏಳನೆಯ ತಿಂಗಳ ಹೋಳಿಗೆ ತಡವಾಗಿ ಬಂದ ಮರ್ಯಾದೆ.